ಗುಂಪಿನ ಕೆಲಸದಲ್ಲಿ ಯಾರ ಹೆಸರು, ಎಲ್ಲಿ, ಹೇಗೆ?

ಸೋಮನಾಥಪುರದ ಕೇಶವ ದೇವಸ್ಥಾನಕ್ಕೆ ಹೋದವರೆಲ್ಲ ವಿಗ್ರಹಗಳ ಮುಖ ನೋಡುತ್ತಾರೆ, ಒಡವೆ ನೋಡುತ್ತಾರೆ. ಮುಂದಿನ ಸಲ ಹೋದಾಗ ಪಾದದ ಕೆಳಗೆ ನೋಡಿ. ಪೀಠದ ಮೇಲೆ ಹಲವು ಕಡೆ ಸಣ್ಣ ಅಕ್ಷರಗಳಿವೆ. ಅವು ದೇವರ ಹೆಸರಲ್ಲ, ಕೆತ್ತಿದವರ ಹೆಸರು. ಮಲ್ಲಿತಮ್ಮ, ಮಸಣಿತಮ್ಮ, ಚೌಡೆಯ ಇವರೆಲ್ಲ ಅಲ್ಲಿದ್ದಾರೆ.

ದೇವಸ್ಥಾನ 1258ರದ್ದು. ಕಟ್ಟಿಸಿದ ದಂಡನಾಯಕ ಸೋಮನಾಥನ ಹೆಸರು ಊರಿಗೇ ನಿಂತುಬಿಟ್ಟಿದೆ. ಕೆತ್ತಿದವರ ಹೆಸರು ಅವರವರು ಕೆತ್ತಿದ ಕಲ್ಲಿನ ಕೆಳಗಿದೆ. ಮಲ್ಲಿತಮ್ಮನ ಹೆಸರು ಸುಮಾರು 40 ಕಡೆ ಸಿಗುತ್ತದೆ. ಎಲ್ಲ ಕಡೆ ಪೂರ್ತಿ ಹೆಸರಿಲ್ಲ. ಕೆಲವು ಕಡೆ ‘ಮಲ್ಲಿ’ ಅಂತಿದೆ, ಕೆಲವು ಕಡೆ ಬರೀ ‘ಮ’.

ಆ ‘ಮ’ ನನಗೆ ತುಂಬಾ ಇಷ್ಟ. ಇಡೀ ದೇವಸ್ಥಾನ ಎಲ್ಲರದ್ದು, ಆದರೆ ಈ ಒಂದು ಮೂರ್ತಿ ನನ್ನ ಕೈಯದ್ದು ಅಂತ ಒಂದೇ ಅಕ್ಷರದಲ್ಲಿ ಹೇಳಿಬಿಟ್ಟಿದ್ದಾನೆ. ಇಂದು ನಾವು ವಾಟ್ಸಾಪ್ ಗುಂಪು ಮಾಡಿಕೊಂಡು ಊರಿನ ಕೆರೆಗಳ ಪಟ್ಟಿ ಮಾಡುತ್ತೇವೆ, ಶಾಸನಗಳ ಫೋಟೊ ತೆಗೆಯುತ್ತೇವೆ, ಹಳೆಯ ಪದ ಕೂಡಿಸುತ್ತೇವೆ, ನಕ್ಷೆಗೆ ರಸ್ತೆ ಸೇರಿಸುತ್ತೇವೆ. ಕೊನೆಗೆ ‘ಕೃಪೆ: ನಮ್ಮ ಬಳಗ’ ಅಂತ ಒಂದು ಸಾಲು ಹಾಕಿ ಮುಗಿಸುತ್ತೇವೆ. ಅದರೊಳಗೆ ಯಾರ ಕೈ ಎಷ್ಟಿತ್ತು ಅನ್ನುವುದು ಆರು ತಿಂಗಳಲ್ಲಿ ಗುಂಪಿನವರಿಗೇ ಮರೆತುಹೋಗಿರುತ್ತದೆ.

ನಮಗೂ ಹಾಗೇ ಆಯಿತು. ಮಂಡ್ಯ ಮತ್ತು ಮೈಸೂರಿನ ಹನ್ನೊಂದು ಜನ ಸೇರಿ ಆಲೆಮನೆಯ ಪದಗಳನ್ನು ಕೂಡಿಸುತ್ತಿದ್ದೆವು. ಕಬ್ಬು ಅರೆಯುವುದರಿಂದ ಹಿಡಿದು ಬೆಲ್ಲ ಅಚ್ಚಿಗೆ ಬೀಳುವವರೆಗೆ ಬಳಸುವ ಮಾತುಗಳು. ಮೊದಲ ಪಟ್ಟಿಯನ್ನು ಒಂದು ಸಣ್ಣ ಹಾಳೆಯಾಗಿ ಅಚ್ಚು ಹಾಕಿಸಿ, ಪದ ಹೇಳಿಕೊಟ್ಟ ಆಲೆಮನೆಗೇ ತಗೊಂಡು ಹೋಗಿ ಕೊಟ್ಟೆವು. ಕೊಪ್ಪರಿಗೆ ಮುಂದೆ ನಿಂತು ಪಾಕ ನೋಡುವ ಹಿರಿಯರೊಬ್ಬರು ಹಾಳೆಯನ್ನು ಮೊಮ್ಮಗಳ ಕೈಲಿ ಪೂರ್ತಿ ಓದಿಸಿದರು. ಆಮೇಲೆ ಕೇಳಿದರು, “ಇದ್ರಲ್ಲಿ ನನ್ ಎಸ್ರು ಎಲ್ಲದೆ?”

ಅರ್ಧಕ್ಕಿಂತ ಜಾಸ್ತಿ ಪದ ಅವರದ್ದೇ. ಹಾಳೆಯಲ್ಲಿ ಇದ್ದದ್ದು ನಮ್ಮ ಗುಂಪಿನ ಹೆಸರು ಮಾತ್ರ. ಆ ಹಾಳೆಯನ್ನು ಜೋಡಿಸಿದ್ದು ನಾನೇ. ಆ ಸಂಜೆ ಮಂಡ್ಯಕ್ಕೆ ವಾಪಸ್ ಬರುವ ಬಸ್ಸಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ.

ಆಮೇಲೆ ನಾವು ಒಂದು ಬರಹದ ಕ್ರಮ ಮಾಡಿಕೊಂಡೆವು. ಗುಂಪಿನ ಹೆಸರು, ವ್ಯಕ್ತಿಯ ಹೆಸರು, ಮಾಡಿದ ಕೆಲಸ, ಮೂರನ್ನೂ ಒಂದೇ ಸಾಲಿನಲ್ಲಿ ಬರೆಯುವ ಕ್ರಮ. ಫೋನಿನಲ್ಲೇ ಟೈಪ್ ಮಾಡಬಹುದು. ಯಾವ ಗುಂಪಿಗೂ ಆಗುತ್ತದೆ. ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಉದಾಹರಣೆಗಳಲ್ಲಿ ಗುಂಪನ್ನು ಸುಮ್ನೆ ‘ಬಳಗ’ ಅಂತಲೂ, ಜನರನ್ನು ಮರಗಳ ಹೆಸರಿನಿಂದಲೂ ಕರೆದಿದ್ದೇನೆ.

ಮೊದಲ ಹೆಜ್ಜೆ: ಗುಂಪಿಗೆ ಒಂದೇ ಹೆಸರು, ಒಂದೇ ಕಾಗುಣಿತ

ಇದು ಸುಲಭ ಅನ್ನಿಸುತ್ತದೆ, ಆದರೆ ಕನ್ನಡದಲ್ಲಿ ಇಲ್ಲೇ ಎಡವುವುದು. ನಿಮ್ಮ ಗುಂಪಿನ ಹೆಸರಿನಲ್ಲಿ ‘ಮಂಡ್ಯ’ ಇದೆ ಅಂದುಕೊಳ್ಳಿ. ಒಬ್ಬರು ಅನುಸ್ವಾರ ಹಾಕಿ ‘ಮಂಡ್ಯ’ ಅಂತ ಟೈಪ್ ಮಾಡುತ್ತಾರೆ. ಇನ್ನೊಬ್ಬರು ಕನ್ನಡದ ಅಂಕಿ ಸೊನ್ನೆ ಹಾಕಿ ‘ಮ೦ಡ್ಯ’ ಅಂತ ಟೈಪ್ ಮಾಡುತ್ತಾರೆ. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಎರಡೂ ಬೇರೆ ಬೇರೆ. ಹುಡುಕಿದಾಗ ಅರ್ಧ ಕೆಲಸ ಸಿಗುತ್ತದೆ, ಇನ್ನರ್ಧ ಕಾಣೆಯಾಗುತ್ತದೆ. ಅರ್ಧಾಕ್ಷರ ಬಿಡಿಸಿ ತೋರಿಸಲು ನಡುವೆ ಸೇರಿಸುವ ಕಾಣದ ಅಕ್ಷರದಿಂದಲೂ ಇದೇ ತೊಂದರೆ. ‘ಫೇಸ್‌ಬುಕ್’ ಮತ್ತು ‘ಫೇಸ್ಬುಕ್’ ಓದುವವರಿಗೆ ಒಂದೇ ಪದ, ಹುಡುಕುವ ಯಂತ್ರಕ್ಕೆ ಒಂದೇ ಅಲ್ಲ.

ಹಾಗಾಗಿ ಹೆಸರನ್ನು ಒಬ್ಬರು ಒಮ್ಮೆ ಸರಿಯಾಗಿ ಟೈಪ್ ಮಾಡಿ ಗುಂಪಿನ ವಿವರಣೆಯಲ್ಲಿ ಹಾಕಲಿ. ಉಳಿದವರು ಅದನ್ನೇ ನಕಲು ಮಾಡಿ ಅಂಟಿಸಲಿ. ಹೊಸದಾಗಿ ಟೈಪ್ ಮಾಡುವುದು ಬೇಡ. ಹೆಸರು ಚಿಕ್ಕದಿರಲಿ, ಒಂದೇ ಪದವಾಗಿದ್ದರೆ ಇನ್ನೂ ಒಳ್ಳೆಯದು. ‘ಸಾಂಸ್ಕೃತಿಕ ಮತ್ತು ಪಾರಂಪರಿಕ ಅಧ್ಯಯನ ವೇದಿಕೆ’ ಅಂತೆಲ್ಲ ಇಟ್ಟರೆ ಪ್ರತಿ ಫೋಟೊ ಕೆಳಗೂ ಅಷ್ಟು ಬರೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ, ಅಲ್ವಾ?

ಎರಡನೇ ಹೆಜ್ಜೆ: ಪ್ರತಿಯೊಬ್ಬರಿಗೂ ಅವರೇ ಆರಿಸಿಕೊಂಡ ಗುರುತು

ನಮ್ಮ ಕಡೆ ಹೆಸರಿನ ಮುಂದಿನ ಇನಿಷಿಯಲ್ ಅಂದರೆ ಸಾಮಾನ್ಯವಾಗಿ ಮೊದಲು ಊರು, ಆಮೇಲೆ ಅಪ್ಪ. ಒಂದೇ ಊರಿನ ನಾಲ್ಕು ಜನರಿಗೆ ಮೊದಲ ಅಕ್ಷರ ಒಂದೇ ಇರುತ್ತದೆ. ಮನೆದೇವರ ಹೆಸರನ್ನೇ ಮಕ್ಕಳಿಗೆ ಇಡುವ ರೂಢಿಯಿಂದ ಹೆಸರೂ ಒಂದೇ ಆಗುತ್ತದೆ. ಒಂದು ಊರಿಗೆ ಹೋಗಿ ಬೋರೇಗೌಡರ ಮನೆ ಎಲ್ಲಿ ಅಂತ ಕೇಳಿ ನೋಡಿ, ‘ಯಾವ ಬೋರೇಗೌಡ?’ ಅಂತಲೇ ಉತ್ತರ ಬರುತ್ತದೆ. ಇನ್ನು ‘ಎಚ್’ ಅಂತ ಬರೆಯುವವರು ಕೆಲವರು, ‘ಹೆಚ್’ ಅಂತ ಬರೆಯುವವರು ಕೆಲವರು. ಮದುವೆಯಾದ ಮೇಲೆ ಇನಿಷಿಯಲ್ ಬದಲಾದ ಹೆಣ್ಣುಮಕ್ಕಳ ಹಳೆಯ ಕೆಲಸ ಒಂದು ಹೆಸರಲ್ಲಿ, ಹೊಸ ಕೆಲಸ ಇನ್ನೊಂದು ಹೆಸರಲ್ಲಿ ಉಳಿಯುತ್ತದೆ. ಇಬ್ಬರು ಬೇರೆ ಬೇರೆ ಅಂತ ಓದುವವರು ತಿಳಿಯುತ್ತಾರೆ.

ಹಿಂದಿನವರೂ ಈ ತೊಡಕು ಕಂಡಿದ್ದರು. ಬೇಲೂರಿನ ಶಿಲ್ಪಿಗಳು ಬರೀ ಹೆಸರಿಗೆ ನಿಲ್ಲಿಸಲಿಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ ಊರು, ಅಪ್ಪ, ಮಗ ಮೂರೂ ಕಲ್ಲಿನ ಮೇಲೆ ಬಂದಿವೆ.

ನಾವು ಮಾಡಿದ್ದು ಹೀಗೆ. ಗುಂಪಿಗೆ ಬಂದ ದಿನವೇ ಪ್ರತಿಯೊಬ್ಬರೂ ಒಂದು ಗುರುತು ಆರಿಸಿಕೊಳ್ಳಬೇಕು. ಅದು ನಿಜ ಹೆಸರಿರಬಹುದು, ಊರು ಸೇರಿಸಿದ ಹೆಸರಿರಬಹುದು, ಅಡ್ಡಹೆಸರಿರಬಹುದು. ಒಂದೇ ಗುರುತು ಇಬ್ಬರಿಗೆ ಇರಬಾರದು. ಮುಂದೆ ಊರು, ಕೆಲಸ, ಮನೆ ಬದಲಾದರೂ ಗುರುತು ಬದಲಾಗಬಾರದು. ಫೋನ್ ನಂಬರ್, ಜಾತಿ, ಹುಟ್ಟಿದ ದಿನ ಗುರುತಿನೊಳಗೆ ಬರಲೇಬಾರದು. ಮಕ್ಕಳು ಕೆಲಸ ಮಾಡಿದ್ದರೆ ಅಡ್ಡಹೆಸರು ಮಾತ್ರ, ಅದೂ ಮನೆಯವರ ಒಪ್ಪಿಗೆಯ ಮೇಲೆ.

ಎಲ್ಲಕ್ಕಿಂತ ಮುಖ್ಯ, ಗುರುತು ಆರಿಸುವುದು ಅವರೇ. ಅಡ್ಮಿನ್ ಕುಳಿತುಕೊಂಡು ಹೆಸರು ಹಂಚಬಾರದು.

ಮೂರನೇ ಹೆಜ್ಜೆ: ಒಂದು ಪಟ್ಟಿ ಇಡಿ

ಮತ್ತೆ ಸೋಮನಾಥಪುರದ ‘ಮ’ಗೆ ಬರುತ್ತೇನೆ. ಮಲ್ಲಿತಮ್ಮನ ಹೆಸರು ‘ಮ’ದಿಂದ ಶುರು. ಮಸಣಿತಮ್ಮನದ್ದೂ ‘ಮ’ದಿಂದಲೇ ಶುರು. ಅಂದು ಕೆಲಸ ಮಾಡುತ್ತಿದ್ದವರಿಗೆ ಯಾವ ‘ಮ’ ಯಾರದ್ದು ಅಂತ ಕೇಳುವ ಅಗತ್ಯವೇ ಇರಲಿಲ್ಲ. ನಮಗೆ ಅದನ್ನು ಓದಲು ಪಕ್ಕದಲ್ಲಿರುವ ಪೂರ್ತಿ ಹೆಸರುಗಳ ಸಹಾಯ ಬೇಕು.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವನ್ನು ತೆಗೆದು ನೋಡಿದವರಿಗೆ ಇನ್ನೊಂದು ಉದಾಹರಣೆ ಗೊತ್ತಿರುತ್ತದೆ. ಅದರಲ್ಲಿ ಬರಹದ ಕೊನೆಗೆ ಆವರಣದೊಳಗೆ ಬರೆದವರ ಮೊದಲಕ್ಷರಗಳು ಇರುತ್ತವೆ. ಅಷ್ಟು ದೊಡ್ಡ ಕೆಲಸದಲ್ಲೂ ಇದು ಯಾರು ಬರೆದದ್ದು ಅನ್ನುವುದು ಮೂರು ನಾಲ್ಕು ಅಕ್ಷರದಲ್ಲಿ ಉಳಿದಿದೆ. 2014ರಲ್ಲಿ ಅದರ ಕೆಲವು ಸಂಪುಟಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ, ಅಂದರೆ ಷರತ್ತು ಪಾಲಿಸಿ ಯಾರು ಬೇಕಾದರೂ ಬಳಸಬಹುದಾದ ಒಪ್ಪಿಗೆಯ ಮೇಲೆ, ಎಲ್ಲರಿಗೂ ಸಿಗುವಂತಾದವು. ಅಲ್ಲಿಂದ ಬರಹಗಳು ಬೇರೆ ಕಡೆಗೂ ಹೋದವು. ಆದರೆ ಒಂದು ಬರಹ ಮಾತ್ರ ಬೇರೆ ಕಡೆ ಹೋದಾಗ ಆ ಅಕ್ಷರಗಳು ಯಾರದ್ದು ಅಂತ ಓದುವವರಿಗೆ ತಿಳಿಯುವುದಿಲ್ಲ. ಅಕ್ಷರ ಉಳಿದರೆ ಸಾಲದು, ಅಕ್ಷರ ಬಿಡಿಸಿ ಹೇಳುವ ಪಟ್ಟಿಯೂ ಜೊತೆಗೆ ಹೋಗಬೇಕು.

ಪಟ್ಟಿ ಅಂದರೆ ದೊಡ್ಡದೇನಲ್ಲ. ಗೂಗಲ್ ಶೀಟ್ ಸಾಕು. ಗುರುತು, ಅವರು ತೋರಿಸಲು ಒಪ್ಪಿದ ಪೂರ್ತಿ ಹೆಸರು, ಗುಂಪಿಗೆ ಬಂದ ತಿಂಗಳು, ಬಿಟ್ಟಿದ್ದರೆ ಬಿಟ್ಟ ತಿಂಗಳು. ನಾಲ್ಕು ಕಲಂ. ಶೀಟ್ ಒಬ್ಬರ ಖಾತೆಯಲ್ಲಿ ಮಾತ್ರ ಇರಬಾರದು, ಇಬ್ಬರು ಮೂವರ ಕೈಯಲ್ಲಿರಲಿ. ಏನನ್ನಾದರೂ ಹೊರಗೆ ಕೊಡುವಾಗ ಅದರಲ್ಲಿ ಬಂದಿರುವ ಗುರುತುಗಳನ್ನು ಬಿಡಿಸಿ ಕೊನೆಗೆ ಬರೆದು ಕೊಡಿ.

ನಾಲ್ಕನೇ ಹೆಜ್ಜೆ: ಕೆಲಸಕ್ಕೆ ಒಂದೊಂದು ಅಕ್ಷರ

ಬರೀ ಹೆಸರುಗಳ ಸಾಲು ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಹಿಗ್ಸ್ ಕಣದ ತೂಕದ ಬಗ್ಗೆ 2015ರಲ್ಲಿ ಬಂದ ಒಂದು ಭೌತಶಾಸ್ತ್ರ ಲೇಖನಕ್ಕೆ 5,154 ಲೇಖಕರು. ಲೇಖನ 33 ಪುಟ, ಅದರಲ್ಲಿ 24 ಪುಟ ಲೇಖಕರ ಮತ್ತು ಅವರ ಸಂಸ್ಥೆಗಳ ಹೆಸರೇ. ಯಾರನ್ನೂ ಬಿಟ್ಟಿಲ್ಲ, ಅದು ದೊಡ್ಡ ಮಾತು. ಆದರೆ ಒಂದು ಹೆಸರಿನ ಮೇಲೆ ಬೆರಳಿಟ್ಟು ಇವರು ಏನು ಮಾಡಿದರು ಅಂತ ಕೇಳಿದರೆ ಪಟ್ಟಿ ಉತ್ತರ ಕೊಡುವುದಿಲ್ಲ. ಈ ಕೊರತೆ ತುಂಬಲೆಂದೇ ಸಂಶೋಧನಾ ಪತ್ರಿಕೆಗಳು ‘ಕ್ರೆಡಿಟ್’ ಅನ್ನುವ ವಿಂಗಡಣೆ ಬಳಸುತ್ತವೆ. ಅದರಲ್ಲಿ 14 ಬಗೆಯ ಕೆಲಸಗಳಿವೆ.

ನಮಗೆ 14 ಜಾಸ್ತಿಯಾಯಿತು. ಏಳು ಸಾಕಾದವು:

ಹೇ: ಹೇಳಿದವರು
ಧ: ಧ್ವನಿ ಹಿಡಿದವರು
ಚಿ: ಚಿತ್ರ ತೆಗೆದವರು, ಚಿತ್ರ ಬರೆದವರು
ಬ: ಬರೆದವರು, ಟೈಪ್ ಮಾಡಿದವರು
ತಿ: ತಿದ್ದಿದವರು, ಪರೀಕ್ಷಿಸಿದವರು
ಜೋ: ಎಲ್ಲವನ್ನೂ ಜೋಡಿಸಿದವರು
ಓ: ಓಡಾಡಿದವರು

ನಿಮ್ಮ ಕೆಲಸಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಿ. ಕೆರೆಗಳ ನಕ್ಷೆ ಮಾಡುವವರಿಗೆ ‘ಅಳೆದವರು’ ಬೇಕಾಗಬಹುದು. ಅನುವಾದ ಮಾಡುವ ಗುಂಪಿಗೆ ‘ಅ’ ಬೇಕೇ ಬೇಕು. ಆದರೆ ‘ಓ’ವನ್ನು ಮಾತ್ರ ದಯವಿಟ್ಟು ತೆಗೆಯಬೇಡಿ. ನಮ್ಮ ಗುಂಪಿನಲ್ಲಿ ಒಬ್ಬರು ಒಂದು ಪದವನ್ನೂ ಟೈಪ್ ಮಾಡಿಲ್ಲ. ಆದರೆ ಯಾವ ಆಲೆಮನೆ ಯಾವಾಗ ನಡೆಯುತ್ತದೆ ಅಂತ ವಿಚಾರಿಸಿದ್ದು ಅವರು, ಮಾಲೀಕರ ಹತ್ತಿರ ಮಾತಾಡಿದ್ದು ಅವರು, ಮದ್ದೂರಿನಿಂದ ಬೈಕಿನಲ್ಲಿ ಕೂರಿಸಿಕೊಂಡು ಹೋಗಿದ್ದು ಅವರು. ಫೈಲಿನಲ್ಲಿ ಕಾಣದ ಕೆಲಸ ಅದು. ಅಂಥವರ ಹೆಸರು ಎಲ್ಲ ಪಟ್ಟಿಗಳಿಂದಲೂ ಮೊದಲು ಬಿದ್ದುಹೋಗುತ್ತದೆ. ಅವರಿಲ್ಲದೆ ಇದ್ದರೆ ನಾವು ಆ ಒಲೆಯ ಹತ್ತಿರಕ್ಕೂ ಹೋಗುತ್ತಿರಲಿಲ್ಲ.

ಐದನೇ ಹೆಜ್ಜೆ: ಸಾಲು ಬರೆಯುವುದು

ಇಲ್ಲಿ ನಾಲ್ಕೇ ಚಿಹ್ನೆ. ಓರೆಗೆರೆ (/), ಕೂಡು ಚಿಹ್ನೆ (+), ಅಲ್ಪವಿರಾಮ (,), ಬಾಣ (>).

ಓರೆಗೆರೆ ಅಂದರೆ ‘ಇಂಥ ಗುಂಪಿನ ಇಂಥವರು’. ಹೊಂಗೆ ಅನ್ನುವವರು ಬಳಗದ ಪರವಾಗಿ ಫೋಟೊ ತೆಗೆದರೆ:

ಬಳಗ/ಹೊಂಗೆ(ಚಿ)

ಗುಂಪು ಮೊದಲು, ವ್ಯಕ್ತಿ ಆಮೇಲೆ, ಕೆಲಸ ಆವರಣದಲ್ಲಿ. ಹೊಂಗೆ ತಮ್ಮ ಪಾಡಿಗೆ ತಾವು ಗುಂಪಿಗೆ ಸೇರುವ ಮೊದಲೇ ತೆಗೆದ ಫೋಟೊ ಆದರೆ ಗುಂಪಿನ ಹೆಸರೂ ಇಲ್ಲ, ಓರೆಗೆರೆಯೂ ಇಲ್ಲ. ಬರೀ ಹೊಂಗೆ(ಚಿ). ಈ ವ್ಯತ್ಯಾಸ ಸಣ್ಣದಲ್ಲ. ಯಾರೋ ಮೊದಲೇ ಮಾಡಿಟ್ಟ ಕೆಲಸವನ್ನು ಅವರು ಗುಂಪಿಗೆ ಬಂದ ಕೂಡಲೇ ಗುಂಪಿನ ಕೆಲಸ ಅಂತ ಕರೆಯುವುದು ತಪ್ಪು.

ಕೂಡು ಚಿಹ್ನೆ ಅಂದರೆ ಇಬ್ಬರೂ ಸೇರಿ ಮಾಡಿದ್ದು, ಬಿಡಿಸಲು ಆಗದ್ದು. ಅಲ್ಪವಿರಾಮ ಅಂದರೆ ಅವರವರ ಭಾಗ ಅವರವರದ್ದು.

ಬಳಗ/ಅರಳಿ+ಬೇವು(ಬ)
ಬಳಗ/ಅರಳಿ(ಬ), ಬೇವು(ಬ)

ಮೊದಲ ಸಾಲಿನಲ್ಲಿ ಅರಳಿ ಮತ್ತು ಬೇವು ಒಟ್ಟಿಗೆ ಕುಳಿತು ಒಂದೇ ವಿವರಣೆ ಬರೆದಿದ್ದಾರೆ, ಯಾವ ವಾಕ್ಯ ಯಾರದ್ದು ಅಂತ ಹೇಳಲಾಗದು. ಎರಡನೆಯದರಲ್ಲಿ ಅರ್ಧ ಪಟ್ಟಿ ಒಬ್ಬರದ್ದು, ಇನ್ನರ್ಧ ಇನ್ನೊಬ್ಬರದ್ದು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯೂ ಇದೇ ಗೆರೆ ಎಳೆಯುತ್ತದೆ. ಒಬ್ಬರ ಪಾಲನ್ನು ಇನ್ನೊಬ್ಬರ ಪಾಲಿನಿಂದ ಬೇರೆ ಮಾಡಿ ತೋರಿಸಲಾಗದಿದ್ದರೆ ಮಾತ್ರ ಅದು ಜಂಟಿ ಕೃತಿ. ಅದೇ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೂ ‘ಇದು ನನ್ನ ಕೃತಿ’ ಅಂತ ಹೇಳಿಕೊಳ್ಳುವ ಹಕ್ಕು ಬರೆದವರ ಹತ್ತಿರವೇ ಉಳಿಯುತ್ತದೆ. ಗುಂಪುಗಳನ್ನು ನಡೆಸುವವರು ಇದನ್ನು ನೆನಪಿಟ್ಟುಕೊಂಡರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ.

ಬಾಣ ಅಂದರೆ ಒಬ್ಬರ ಕೆಲಸದ ಮೇಲೆ ಇನ್ನೊಬ್ಬರ ಕೆಲಸ. ಎಡಗಡೆಯವರು ಮೊದಲು, ಬಲಗಡೆಯವರು ಆಮೇಲೆ. ಈಗ ಪೂರ್ತಿ ಸಾಲು ನೋಡಿ:

ಹುಣಸೆ(ಹೇ) > ಬಳಗ/ಹೊಂಗೆ(ಧ), ಮಾವು(ಓ) > ಬಳಗ/ಅರಳಿ+ಬೇವು(ಬ) > ಬಳಗ/ಎಲ್ಲ(ತಿ)

ಓದುವುದು ಹೀಗೆ. ಹುಣಸೆ ಪದ ಹೇಳಿದರು. ಬಳಗದ ಹೊಂಗೆ ಅದನ್ನು ರೆಕಾರ್ಡ್ ಮಾಡಿದರು, ಮಾವು ಓಡಾಡಿ ಏರ್ಪಾಡು ಮಾಡಿದರು. ಆ ಧ್ವನಿ ಕೇಳಿ ಅರಳಿ ಮತ್ತು ಬೇವು ಸೇರಿ ಬರೆದರು. ಕೊನೆಗೆ ಬಳಗದವರೆಲ್ಲ ನೋಡಿ ತಿದ್ದಿದರು. ಒಂದು ಬಾಣದಿಂದ ಇನ್ನೊಂದು ಬಾಣದವರೆಗೆ ಗುಂಪಿನ ಹೆಸರು ಒಮ್ಮೆ ಬರೆದರೆ ಸಾಕು. ಒಂದೇ ಹಂತದಲ್ಲಿ ಇಬ್ಬರು ಮೂವರಿದ್ದರೆ ಅಕಾರಾದಿಯಾಗಿ ಬರೆಯಿರಿ, ಆಗ ಯಾರು ದೊಡ್ಡವರು ಅನ್ನುವ ಪ್ರಶ್ನೆ ಬರುವುದಿಲ್ಲ. ಮೇಲಿನ ಸಾಲಿನಲ್ಲಿ ನಾನು ಹೊಂಗೆಯನ್ನು ಮುಂದೆ ಬರೆದಿದ್ದೇನೆ. ಅಕಾರಾದಿಯಲ್ಲಿ ಮಾವು ಮೊದಲು ಬರಬೇಕು. ಸರಿಯಾದ ಸಾಲು ಇದು:

ಹುಣಸೆ(ಹೇ) > ಬಳಗ/ಮಾವು(ಓ), ಹೊಂಗೆ(ಧ) > ಬಳಗ/ಅರಳಿ+ಬೇವು(ಬ) > ಬಳಗ/ಎಲ್ಲ(ತಿ)

ಹುಣಸೆಯ ಮುಂದೆ ಗುಂಪಿನ ಹೆಸರಿಲ್ಲ ಅನ್ನುವುದನ್ನು ಗಮನಿಸಿದಿರಾ? ಅವರು ನಮ್ಮ ಗುಂಪಿನವರಲ್ಲ. ಮಾತು ಅವರದ್ದು, ನಾವು ಕೇಳಿಸಿಕೊಂಡವರು. ನಮ್ಮ ಮೊದಲ ಹಾಳೆ ತಪ್ಪಿದ್ದು ಇಲ್ಲೇ. ಹೇಳಿದವರನ್ನು ಗುಂಪು ನುಂಗಿಬಿಟ್ಟಿತ್ತು. ಇಡೀ ಕ್ರಮದಲ್ಲಿ ಒಂದೇ ನಿಯಮ ಉಳಿಸಿಕೊಳ್ಳಿ ಅಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ.

ಇನ್ನು ಹೆಸರಿನ ಜಾಗದಲ್ಲಿ ಬರಬಹುದಾದ ಮೂರು ಪದಗಳಿವೆ. ‘ಎಲ್ಲ’ ಅಂದರೆ ನಿಜವಾಗಿಯೂ ಎಲ್ಲರೂ ಕೈ ಹಾಕಿದ್ದಾರೆ. ಬರೆಯಲು ಸೋಮಾರಿತನ ಆದಾಗ ಇದನ್ನು ಬಳಸಬೇಡಿ. ‘ಒಬ್ಬರು’ ಅಂದರೆ ಯಾರು ಅಂತ ನಮಗೆ ಗೊತ್ತು, ಅವರಿಗೆ ಹೆಸರು ಬೇಡ. ‘ಗೊತ್ತಿಲ್ಲ’ ಅಂದರೆ ನಿಜಕ್ಕೂ ಗೊತ್ತಿಲ್ಲ. ಯಾರದ್ದೋ ಮನೆಯ ಟ್ರಂಕಿನಲ್ಲಿ ಸಿಕ್ಕಿದ ಹಳೆಯ ಫೋಟೊಗೆ ‘ಗೊತ್ತಿಲ್ಲ(ಚಿ)’ ಅಂತ ಬರೆದರೆ, ನೋಡಿದ ಯಾರಾದರೂ ‘ಅದು ನಮ್ಮ ತಾತ ತೆಗೆದದ್ದು’ ಅಂತ ಬರಲು ಜಾಗ ಇರುತ್ತದೆ. ಹೆಸರಿನ ಜಾಗದಲ್ಲಿ ಗುಂಪಿನ ಹೆಸರು ಹಾಕಿಬಿಟ್ಟರೆ ಆ ಬಾಗಿಲು ಮುಚ್ಚಿಹೋಗುತ್ತದೆ.

ಎರಡು ಗುಂಪು ಸೇರಿದರೆ ಬೇರೆ ನಿಯಮವೇನೂ ಬೇಡ. ಪ್ರತಿ ವ್ಯಕ್ತಿಯ ಮುಂದೆ ಅವರ ಗುಂಪು ಬರೆದರೆ ಆಯಿತು.

ಆರನೇ ಹೆಜ್ಜೆ: ಅದೇ ದಿನ ಬರೆಯಿರಿ, ಫೈಲಿನ ಜೊತೆ ಇಡಿ

ವಾಟ್ಸಾಪ್‌ನಲ್ಲಿ ಫೋಟೊವನ್ನು ಫೋಟೊ ಆಗಿಯೇ ಕಳಿಸಿದರೆ ಅದು ಕುಗ್ಗುತ್ತದೆ, ಅದರೊಳಗೆ ಅಡಗಿದ್ದ ದಿನಾಂಕ, ಜಾಗ, ಕ್ಯಾಮೆರಾದ ವಿವರ ಕಳೆದುಹೋಗುತ್ತದೆ, ಫೈಲಿನ ಹೆಸರೂ ಬದಲಾಗುತ್ತದೆ. ನೂರು ಫೋಟೊ ಬಂದ ಮೇಲೆ ಯಾವುದು ಯಾರದ್ದು ಅಂತ ಹುಡುಕುವುದು ಕಷ್ಟ. ಅದಕ್ಕೇ ಎರಡು ಅಭ್ಯಾಸ ಮಾಡಿಕೊಳ್ಳಿ. ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ಮತ್ತು ಕಳಿಸುವಾಗಲೇ ಕೆಳಗೆ ಹೆಸರಿನ ಸಾಲು ಬರೆಯಿರಿ. ‘ಆಮೇಲೆ ಬರೆಯೋಣ’ ಅಂದುಕೊಂಡದ್ದನ್ನು ನಾವು ಒಂದು ಸಲವೂ ಬರೆಯಲಿಲ್ಲ.

ಚಿಹ್ನೆಗಳಲ್ಲೂ ನಾವು ಒಂದು ಪಾಠ ಕಲಿತೆವು. ಮೊದಲು ‘ಎಲ್ಲ’ ಅನ್ನುವ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕುತ್ತಿದ್ದೆವು. ವಾಟ್ಸಾಪ್‌ನಲ್ಲಿ ಎರಡು ನಕ್ಷತ್ರಗಳ ನಡುವಿನ ಬರಹ ದಪ್ಪ ಅಕ್ಷರವಾಗುತ್ತದೆ, ನಕ್ಷತ್ರ ಮಾಯವಾಗುತ್ತದೆ. ಹಾಗಾಗಿ ಅದನ್ನು ಬಿಟ್ಟು ‘ಎಲ್ಲ’ ಅಂತಲೇ ಬರೆಯತೊಡಗಿದೆವು. ಸಾಲನ್ನು ಬಾಣದಿಂದ ಶುರು ಮಾಡಬೇಡಿ, ಅದು ಬೇರೆಯವರ ಮಾತನ್ನು ಎತ್ತಿ ತೋರಿಸುವ ರೂಪಕ್ಕೆ ತಿರುಗುತ್ತದೆ. ಇನ್ನು ಓರೆಗೆರೆ, ಬಾಣ ಇವೆರಡನ್ನೂ ವಿಂಡೋಸ್ ಫೈಲಿನ ಹೆಸರಿನಲ್ಲಿ ಬಿಡುವುದಿಲ್ಲ. ಆದ್ದರಿಂದ ಫೈಲಿನ ಹೆಸರಲ್ಲಿ ದಿನಾಂಕ ಮತ್ತು ಕ್ರಮಸಂಖ್ಯೆ ಮಾತ್ರ ಇರಲಿ. ಹೆಸರಿನ ಸಾಲು ಶೀಟಿನಲ್ಲಿ ಅದೇ ಸಂಖ್ಯೆಯ ಮುಂದೆ ಇರಲಿ.

ಏಳನೇ ಹೆಜ್ಜೆ: ಹೊರಗಿನ ಜಾಗಗಳಿಗೆ ಹೊಂದಿಸುವುದು

ವಿಕಿಪೀಡಿಯದಲ್ಲಿ ಖಾತೆ ಗುಂಪಿನದ್ದಲ್ಲ, ಒಬ್ಬರದ್ದು. ಬಳಗದ ಹೆಸರಲ್ಲಿ ಒಂದು ಖಾತೆ ತೆರೆದು ಪಾಸ್‌ವರ್ಡ್ ಹಂಚಿಕೊಳ್ಳುವ ಯೋಚನೆ ಬೇಡ. ಪುಟದ ಇತಿಹಾಸದಲ್ಲಿ ಪ್ರತಿ ಬದಲಾವಣೆಯೂ ಮಾಡಿದವರ ಖಾತೆಯ ಹೆಸರಿನಲ್ಲೇ ಉಳಿಯುತ್ತದೆ. ಗುಂಪನ್ನು ಹೇಳಬೇಕಿದ್ದರೆ ಬದಲಾವಣೆಯ ಸಾರಾಂಶದಲ್ಲಿ ನಿಮ್ಮ ಸಾಲು ಹಾಕಿ.

ವಿಕಿಪೀಡಿಯದ ಫೋಟೊ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಫೋಟೊ ಏರಿಸುವುದಾದರೆ ತೆಗೆದವರೇ ತಮ್ಮ ಖಾತೆಯಿಂದ ಏರಿಸಲಿ. ಬೇರೆಯವರು ತೆಗೆದದ್ದನ್ನು ‘ಸ್ವಂತ ಕೆಲಸ’ ಅಂತ ಏರಿಸುವುದು ಸುಳ್ಳು ಹೇಳಿದಂತೆ, ಗುಂಪಿನ ಒಳ್ಳೆಯದಕ್ಕೇ ಮಾಡಿದರೂ ಸುಳ್ಳೇ. ಅಲ್ಲಿ ಹೆಚ್ಚಾಗಿ ಬಳಸುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಹೆಸರು ಹೇಳಬೇಕು ಅನ್ನುವ ಷರತ್ತು ಇದೆ. ಹೇಗೆ ಹೇಳಬೇಕು ಅಂತ ಕೆಲಸದ ಒಡೆಯರು ತಿಳಿಸಬಹುದು, ಅಡ್ಡಹೆಸರೂ ನಡೆಯುತ್ತದೆ. ಆದ್ದರಿಂದ ‘ಬಳಗ/ಹೊಂಗೆ’ ಅಂತಲೇ ಕೇಳಿಕೊಳ್ಳಿ. ನಾಳೆ ಯಾವುದೋ ಪತ್ರಿಕೆ ಆ ಫೋಟೊ ಬಳಸಿದಾಗ ಗುಂಪೂ ಬರುತ್ತದೆ, ವ್ಯಕ್ತಿಯೂ ಬರುತ್ತಾರೆ.

ಓಪನ್‌ಸ್ಟ್ರೀಟ್‌ಮ್ಯಾಪ್ ಅಂದರೆ ಜನರೇ ಸೇರಿ ಮಾಡುವ ನಕ್ಷೆ. ಅದು ಈ ವಿಷಯದಲ್ಲಿ ನೋಡಿ ಕಲಿಯುವಂತಿದೆ. ನಕ್ಷೆಯ ಮೂಲೆಯಲ್ಲಿ ಎಲ್ಲರಿಗೂ ಸೇರಿಸಿ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು ಅಂತ ಒಂದೇ ಸಾಲು. ಒಳಗೆ ಹೋಗಿ ನೋಡಿದರೆ ನಿಮ್ಮ ಊರಿನ ಪ್ರತಿ ಗಲ್ಲಿಯನ್ನು ಯಾವ ಖಾತೆಯವರು ಯಾವ ದಿನ ಸೇರಿಸಿದರು ಅಂತ ಇರುತ್ತದೆ. ಹೊರಗೆ ಗುಂಪು, ಒಳಗೆ ವ್ಯಕ್ತಿ. ತಂತ್ರಾಂಶ ಬರೆಯುವ ಗುಂಪುಗಳಿಗೂ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಸಹಲೇಖಕರ ಹೆಸರು ಸೇರಿಸುವ ಸಾಲು ಇದೆ, ಅವರು ಅದನ್ನೇ ಬಳಸಲಿ.

ತಪ್ಪಾದಾಗ

ತಪ್ಪು ಆಗೇ ಆಗುತ್ತದೆ. ಹಳೆಯ ಸಾಲನ್ನು ಅಳಿಸಬೇಡಿ. ಶೀಟಿನಲ್ಲಿ ಪಕ್ಕದ ಕಲಂನಲ್ಲಿ ಹೊಸ ಸಾಲು ಬರೆದು ದಿನಾಂಕ ಹಾಕಿ. ಯಾರು ಯಾಕೆ ಬದಲಾಯಿಸಿದರು ಅಂತ ನಾಲ್ಕು ಪದ ಸಾಕು. ಗುಂಪು ಬಿಟ್ಟು ಹೋದವರ ಹಳೆಯ ಸಾಲುಗಳು ಹಾಗೇ ಇರಬೇಕು, ಜಗಳ ಮಾಡಿಕೊಂಡು ಹೋಗಿದ್ದರೂ ಇರಬೇಕು. ಅಂದು ಅವರು ಬಳಗದವರಾಗಿ ಮಾಡಿದ ಕೆಲಸ ಅದು. ಒಬ್ಬರು ತಮ್ಮ ಹೆಸರು ತೆಗೆಯಿರಿ ಅಂತ ಕೇಳಿದರೆ ಮಾತ್ರ ಹೆಸರಿನ ಜಾಗಕ್ಕೆ ‘ಒಬ್ಬರು’ ಬರಲಿ, ಕೆಲಸದ ಅಕ್ಷರ ಉಳಿಯಲಿ. ಕಾರಣ ಕೇಳುವುದು ಬೇಡ.

ನಿಜಕ್ಕೂ ಯಾರು ಮಾಡಿದ್ದು ಅಂತ ಇಬ್ಬರ ನಡುವೆ ವಾದ ಬಂದರೆ ಗುಂಪಿನಲ್ಲೇ ಚರ್ಚೆ ಬೇಡ. ಇಬ್ಬರಿಗೂ ಫೋನ್ ಮಾಡಿ ಮಾತಾಡಿ. ನಮ್ಮ ಅನುಭವದಲ್ಲಿ ಅಲ್ಪವಿರಾಮದ ಜಾಗಕ್ಕೆ ಕೂಡು ಚಿಹ್ನೆ ಹಾಕಿದರೆ ಹೆಚ್ಚಿನ ವಾದಗಳು ಮುಗಿದವು.

ಹೇಳಿದವರ ಒಪ್ಪಿಗೆಯನ್ನೂ ಮರೆಯಬೇಡಿ. ಹೆಸರು ಹಾಕಬಹುದಾ, ಯಾವ ಹೆಸರು ಹಾಕಬೇಕು ಅಂತ ರೆಕಾರ್ಡಿಂಗ್ ಶುರುವಿನಲ್ಲೇ ಕೇಳಿ, ಉತ್ತರವೂ ರೆಕಾರ್ಡ್ ಆಗಲಿ. ಓದಲು ಬಾರದವರಿಗೆ ಸಾಲನ್ನು ಓದಿ ಹೇಳಿ. ನಾವು ಎರಡನೇ ಹಾಳೆ ಅಚ್ಚು ಹಾಕಿಸುವ ಮೊದಲು ಅದನ್ನೇ ಮಾಡಿದೆವು. ಅದೇ ಆಲೆಮನೆಗೆ ಹೋಗಿ, ಅದೇ ಹಿರಿಯರ ಮುಂದೆ ಕುಳಿತು, ಪ್ರತಿ ಪದದ ಸಾಲು ಓದಿದೆವು. ‘ಹೇ’ ಅಂದರೆ ಹೇಳಿದವರು ಅಂತ ವಿವರಿಸಿದೆವು. ಅವರು ಸ್ವಲ್ಪ ಹೊತ್ತು ಒಲೆ ಕಡೆ ನೋಡುತ್ತಾ ಕುಳಿತಿದ್ದರು.

“ಹಂಗಾರೆ ಪಾಕದ ಮಾತೆಲ್ಲ ನಮ್ಮಪ್ಪಂದು. ಅವ್ನ ಎಸ್ರೂ ಆಕಿ” ಅಂದರು.

ಅಂಥ ಪದ ಒಂಬತ್ತು ಇದ್ದವು. ಒಂಬತ್ತಕ್ಕೂ ಸಾಲಿನ ಎಡಗಡೆ ಇನ್ನೊಂದು ಹೆಸರು, ಇನ್ನೊಂದು ಬಾಣ ಸೇರಿತು:

ಹುಣಸೆಯ ಅಪ್ಪ(ಹೇ) > ಹುಣಸೆ(ಹೇ) > ಬಳಗ/ಮಾವು(ಓ), ಹೊಂಗೆ(ಧ) > ಬಳಗ/ಅರಳಿ+ಬೇವು(ಬ) > ಬಳಗ/ಎಲ್ಲ(ತಿ)